ನೋವು ನಿಜ, ಹೆಸರು ತಪ್ಪು: ಜಾಲತಾಣದ ರೋಗನಿರ್ಣಯ, ಹದಿಹರೆಯದವರು ಮತ್ತು ನಮ್ಮ ಪಾಲನಾ ಸೇವೆ

ಕೆಲವು ವರ್ಷಗಳ ಹಿಂದೆ, ಭಾನುವಾರದ ಧರ್ಮೋಪದೇಶ ತರಗತಿ ಮುಗಿದ ಮೇಲೆ, ಪ್ರಥಮ ಪಿಯುಸಿ ಓದುತ್ತಿದ್ದ ಹುಡುಗಿಯೊಬ್ಬಳು ನಮ್ಮ ಬಳಿ ಬಂದು ನಿಂತಳು. "ಫಾದರ್, ನನಗೆ ಬೈಪೋಲಾರ್ ಇದೆ" ಎಂದಳು. ಯಾವ ವೈದ್ಯರು ಹೇಳಿದರೆಂದು ಕೇಳಿದೆವು. ಯಾರೂ ಹೇಳಿರಲಿಲ್ಲ, ಇನ್‌ಸ್ಟಾಗ್ರಾಮಿನ ರೀಲ್ಸ್ ನೋಡಿ ತಾನೇ ತಿಳಿದುಕೊಂಡಿದ್ದಳು. ನಾವು ನಕ್ಕೆವು. "ಈ ವಯಸ್ಸಿನಲ್ಲಿ ಎಲ್ಲರಿಗೂ ಹಾಗೆಯೇ ಅಮ್ಮಾ. ಮೊಬೈಲ್ ಪಕ್ಕಕ್ಕಿಟ್ಟು ದಿನಕ್ಕೊಂದು ಜಪಸರ ತಪ್ಪದೆ ಹೇಳು" ಎಂದು ಕಳುಹಿಸಿದೆವು.

ಐದಾರು ತಿಂಗಳ ನಂತರ ಆಕೆಯ ತಾಯಿಯಿಂದ ಉಳಿದ ಸಂಗತಿ ತಿಳಿಯಿತು. ಹುಡುಗಿಗೆ ಬೈಪೋಲಾರ್ ಇರಲಿಲ್ಲ. ಆಕೆಗಿದ್ದುದು ಗೀಳು ಕಾಯಿಲೆ, ಅಂದರೆ ಒಸಿಡಿ. ಜಪಸರ ಹೇಳುವಾಗ ಒಂದು ಮಣಿಯಲ್ಲಿ ಮನಸ್ಸು ಚದುರಿದರೂ ಮೊದಲ ಮಣಿಯಿಂದ ಮತ್ತೆ ಆರಂಭಿಸಬೇಕು, ಇಲ್ಲವಾದರೆ ತಂದೆಗೆ ಅಪಘಾತವಾಗುತ್ತದೆ ಎಂಬ ಯೋಚನೆ ಆಕೆಯನ್ನು ರಾತ್ರಿ ಎರಡು ಗಂಟೆಯವರೆಗೆ ಮಲಗಲು ಬಿಡುತ್ತಿರಲಿಲ್ಲ. ನಾವು ಔಷಧವೆಂದು ಕೊಟ್ಟದ್ದು ಕಾಯಿಲೆಗೆ ಆಹಾರವಾಗಿತ್ತು.

ಇದು ಪಾಪನಿವೇದನೆಯಲ್ಲಿ ಕೇಳಿದ ಮಾತಲ್ಲ. ಆ ಕುಟುಂಬದ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇಲ್ಲಿ ಹೇಳುತ್ತಿದ್ದೇವೆ. ಹೇಳಲು ಕಾರಣವಿದೆ. ಆ ಹುಡುಗಿ ತನ್ನ ನೋವಿಗೆ ಇಟ್ಟುಕೊಂಡಿದ್ದ ಹೆಸರು ತಪ್ಪಾಗಿತ್ತು, ನೋವು ನಿಜವಾಗಿತ್ತು. ನಾವು ಹೆಸರನ್ನು ತಳ್ಳಿಹಾಕುವ ಭರದಲ್ಲಿ ನೋವನ್ನೂ ತಳ್ಳಿಹಾಕಿದೆವು. ಜಾಲತಾಣದ ತಪ್ಪು ಮಾಹಿತಿಯೊಡನೆ ನಮ್ಮ ಬಳಿಗೆ ಬರುವ ಮಕ್ಕಳ ವಿಷಯದಲ್ಲಿ ಗುರುಗಳು ಸಾಮಾನ್ಯವಾಗಿ ಮಾಡುವ ತಪ್ಪು ಇದೇ. ಇದನ್ನು ತಿದ್ದಿಕೊಳ್ಳಲು ತಪ್ಪು ಮಾಹಿತಿಯ ಸ್ವರೂಪವನ್ನೂ, ಮನೋಚಿಕಿತ್ಸೆಯು ಅದನ್ನು ಎದುರಿಸುವ ಬಗೆಯನ್ನೂ, ಆ ಕಾರ್ಯದಲ್ಲಿ ನಮ್ಮ ಪಾಲೇನೆಂಬುದನ್ನೂ ಅರಿಯುವುದು ಅಗತ್ಯ.

1. ತಪ್ಪು ಮಾಹಿತಿಯ ಬಗೆಗಳು

ಮೊದಲನೆಯ ಬಗೆ, ಎಲ್ಲರಲ್ಲೂ ಇರುವುದನ್ನು ರೋಗವೆಂದು ಕರೆಯುವುದು. "ಕೀಲಿಕೈ ಎಲ್ಲಿಟ್ಟೆನೆಂದು ಮರೆಯುತ್ತೀರಾ? ಓದುವಾಗ ಬೇರೆ ಯೋಚನೆ ಬರುತ್ತದೆಯೇ? ಹಾಗಾದರೆ ನಿಮಗೆ ಎಡಿಎಚ್‌ಡಿ ಇದೆ" ಎಂಬ ಧಾಟಿಯ ವಿಡಿಯೊಗಳು ಅಸಂಖ್ಯ. ಎಡಿಎಚ್‌ಡಿಯ ಬಗ್ಗೆ ಟಿಕ್‌ಟಾಕ್‌ನಲ್ಲಿ ಅತ್ಯಂತ ಜನಪ್ರಿಯವಾಗಿದ್ದ 100 ವಿಡಿಯೊಗಳನ್ನು ಕೆನಡಾದ ವೈದ್ಯರು ಪರಿಶೀಲಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 52 ವಿಡಿಯೊಗಳು ದಾರಿತಪ್ಪಿಸುವಂಥವೆಂದು ಕಂಡುಬಂತು. ಉಪಯುಕ್ತವೆನಿಸಿದವು 21 ಮಾತ್ರ. ನಮ್ಮ ದೇಶದಲ್ಲಿ 2020ರ ಜೂನ್‌ನಿಂದ ಟಿಕ್‌ಟಾಕ್ ನಿಷೇಧವಾಗಿದೆಯಾದರೂ ಅದೇ ಮಾದರಿಯ ಕಿರುವಿಡಿಯೊಗಳು ಬೇರೆ ತಾಣಗಳಲ್ಲಿ ನಮ್ಮ ಮಕ್ಕಳ ಕೈಸೇರುತ್ತಿವೆ.

ಇಂಥ ವಿಡಿಯೊಗಳಲ್ಲಿ ಹೇಳುವ ಲಕ್ಷಣಗಳು ಅನೇಕ ವೇಳೆ ಸುಳ್ಳಲ್ಲ. ಅವು ಬಿಟ್ಟುಬಿಡುವ ಸಂಗತಿಗಳಲ್ಲಿ ತಪ್ಪು ಅಡಗಿರುತ್ತದೆ. ವೈದ್ಯಕೀಯ ರೋಗನಿರ್ಣಯದಲ್ಲಿ ಲಕ್ಷಣವೊಂದೇ ಸಾಲದು. ಎಷ್ಟು ಕಾಲದಿಂದ ಇದೆ, ಎಲ್ಲೆಲ್ಲಿ ಕಾಣಿಸುತ್ತದೆ, ಬದುಕಿಗೆ ಎಷ್ಟು ತೊಡಕಾಗಿದೆ, ಬೇರೆ ಕಾರಣವಿದೆಯೇ ಎಂಬ ಪ್ರಶ್ನೆಗಳಿಗೂ ಉತ್ತರ ಸಿಗಬೇಕು. ಎಡಿಎಚ್‌ಡಿ ಎನ್ನಬೇಕಾದರೆ ಲಕ್ಷಣಗಳು ಕನಿಷ್ಠ ಆರು ತಿಂಗಳು ಇದ್ದಿರಬೇಕು, ಅವುಗಳಲ್ಲಿ ಹಲವು 12 ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು, ಮನೆ ಮತ್ತು ಶಾಲೆಯಂಥ ಎರಡು ಅಥವಾ ಹೆಚ್ಚು ಕಡೆ ಕಾಣಬೇಕು. ಬೈಪೋಲಾರ್ ಕಾಯಿಲೆಯಲ್ಲಿ ಉನ್ಮಾದದ ಸ್ಥಿತಿ ಸಾಮಾನ್ಯವಾಗಿ ಒಂದು ವಾರ, ಅದರ ಸೌಮ್ಯರೂಪ ಕನಿಷ್ಠ ನಾಲ್ಕು ದಿನ ಸತತವಾಗಿರಬೇಕು. ಬೆಳಿಗ್ಗೆ ನಗು, ಸಂಜೆ ಅಳು ಬಂದ ಮಾತ್ರಕ್ಕೆ ಅದು ಬೈಪೋಲಾರ್ ಆಗದು. ಮೂವತ್ತು ಸೆಕೆಂಡಿನ ವಿಡಿಯೊದಲ್ಲಿ ಈ ಪ್ರಶ್ನೆಗಳಿಗೆ ಎಡೆಯಿಲ್ಲ.

ಎರಡನೆಯ ಬಗೆ ಇದಕ್ಕೆ ವಿರುದ್ಧವಾದುದು: ರೋಗವನ್ನು ರೋಗವಲ್ಲವೆನ್ನುವುದು. ಖಿನ್ನತೆ ಸೋಮಾರಿತನದ ಇನ್ನೊಂದು ಹೆಸರು, ಮನೋವೈದ್ಯರ ಮಾತ್ರೆ ಒಮ್ಮೆ ಹಿಡಿದರೆ ಜೀವನಪರ್ಯಂತ ಬಿಡದು ಎಂಬ ಮಾತುಗಳು ಈ ಗುಂಪಿನವು. ನಿದ್ರೆಗೂ ಆತಂಕಕ್ಕೂ ಕೊಡುವ ಕೆಲವು ಮಾತ್ರೆಗಳು ದೀರ್ಘಕಾಲ ಬಳಸಿದರೆ ಅವಲಂಬನೆ ತರುವುದುಂಟು. ಅದಕ್ಕೇ ವೈದ್ಯರು ಅವುಗಳನ್ನು ಅಳತೆಯಿಂದ ಕೊಡುತ್ತಾರೆ. ಆದರೆ ಖಿನ್ನತೆಗೂ ಗೀಳಿಗೂ ಸಾಮಾನ್ಯವಾಗಿ ಕೊಡುವ ಔಷಧಗಳು ಚಟ ಹಿಡಿಸುವಂಥವಲ್ಲ. ಅವುಗಳನ್ನು ಒಮ್ಮೆಲೇ ನಿಲ್ಲಿಸಿದರೆ ತೊಂದರೆಯಾಗಬಹುದು, ಆದಕಾರಣ ವೈದ್ಯರ ಸಲಹೆಯಂತೆ ಹಂತಹಂತವಾಗಿ ನಿಲ್ಲಿಸಬೇಕು. ಮೂರನೆಯ ಬಗೆ, ಇಪ್ಪತ್ತೊಂದು ದಿನಗಳಲ್ಲಿ ಆತಂಕ ಮಾಯವೆಂದು ಕೋರ್ಸನ್ನೋ ಪುಡಿಯನ್ನೋ ಮಾರುವುದು. ಇದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

ನಾಲ್ಕನೆಯ ಬಗೆಯ ಬಗ್ಗೆ ಹೇಳಲೇಬೇಕು, ಏಕೆಂದರೆ ಅದು ನಮ್ಮ ಅಂಗಳದ್ದು. ಖಿನ್ನತೆ ವಿಶ್ವಾಸದ ಕೊರತೆಯ ಫಲ, ಆತಂಕ ದುರಾತ್ಮದ ಬಾಧೆ, ಪ್ರಾರ್ಥನೆಯ ಮೇಲೆ ನಂಬಿಕೆಯಿದ್ದವನಿಗೆ ಮಾತ್ರೆ ಬೇಡ ಎಂಬ ಬೋಧನೆಗಳು ಕ್ರೈಸ್ತ ನಾಮದಲ್ಲಿಯೇ ಜಾಲತಾಣದಲ್ಲಿ ಹರಿಯುತ್ತಿವೆ. ಅವುಗಳನ್ನು ನಮ್ಮ ಜನರು ವಾಟ್ಸಾಪ್‌ನಲ್ಲಿ ಪರಸ್ಪರ ಕಳುಹಿಸುತ್ತಾರೆ. ಬಿಲಿಪೀಠದ ಬಳಿಯಿಂದ ಇದಕ್ಕೆ ವಿರುದ್ಧವಾದ ಮಾತನ್ನು ಹದಿನಾರರ ಹುಡುಗನೊಬ್ಬ ಒಮ್ಮೆಯೂ ಕೇಳದಿದ್ದರೆ, ಅದೇ ಧರ್ಮಸಭೆಯ ಬೋಧನೆಯೆಂದು ಆತ ತಿಳಿಯುವುದು ಸಹಜ. ನಮ್ಮ ಮೌನವೂ ಇಲ್ಲಿ ತಪ್ಪು ಮಾಹಿತಿಯಾಗುತ್ತದೆ.

2. ಮಕ್ಕಳು ಏಕೆ ನಂಬುತ್ತಾರೆ?

ಹೆಸರಿಲ್ಲದ ನೋವಿಗಿಂತ ಹೆಸರಿರುವ ನೋವು ಸಹಿಸಲು ಸುಲಭ. ತನಗೆ ಏನಾಗುತ್ತಿದೆಯೆಂದು ತಿಳಿಯದ ಹುಡುಗಿಗೆ ವಿಡಿಯೊ ಒಂದು ಹೆಸರನ್ನು ಕೊಡುತ್ತದೆ. ಆ ಹೆಸರಿನ ಜೊತೆಗೆ ತನ್ನಂತೆಯೇ ಇರುವ ಸಾವಿರಾರು ಮಂದಿಯ ಸಂಗವನ್ನೂ ಕೊಡುತ್ತದೆ. ಒಂದು ವಿಡಿಯೊವನ್ನು ಪೂರ್ತಿ ನೋಡಿದವರಿಗೆ ಅದೇ ಬಗೆಯ ಇನ್ನಷ್ಟನ್ನು ತೋರಿಸುವುದು ಈ ತಾಣಗಳ ವ್ಯವಸ್ಥೆ. ಹೀಗೆ ಒಂದು ಅನುಮಾನ ವಾರದೊಳಗೆ ನಿಶ್ಚಯವಾಗುತ್ತದೆ.

ಇದರೊಡನೆ ಇನ್ನೊಂದು ಕಠಿಣ ಸತ್ಯವಿದೆ. ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ 13ರಿಂದ 17 ವರ್ಷದವರಲ್ಲಿ ಶೇಕಡಾ 7.3ರಷ್ಟು ಮಂದಿಗೆ ಮಾನಸಿಕ ಅಸ್ವಸ್ಥತೆ ಇತ್ತು. ವಿವಿಧ ಕಾಯಿಲೆಗಳಲ್ಲಿ ಚಿಕಿತ್ಸೆ ದೊರೆಯದವರ ಪ್ರಮಾಣ ಶೇಕಡಾ 70ಕ್ಕೂ ಮೀರಿದ್ದುದನ್ನು ಅದೇ ಸಮೀಕ್ಷೆ ತೋರಿಸಿತು. ವೈದ್ಯರು ದೂರ, ಮನೆಯಲ್ಲಿ ಮಾತಿಲ್ಲ, ಗುರುಗಳು ನಗುತ್ತಾರೆ. ಕೈಯಲ್ಲಿರುವ ಮೊಬೈಲ್ ಮಾತ್ರ ನಗದೆ ಕೇಳುತ್ತದೆ.

ಹೆಸರು ತಪ್ಪಾಗಿದ್ದೂ ನೋವು ನಿಜವಾಗಿರಬಲ್ಲದು ಎಂಬುದಕ್ಕೆ ಇತ್ತೀಚಿನ ಒಂದು ನಿದರ್ಶನವನ್ನು ಗುರುವಿದ್ಯಾರ್ಥಿಗಳು ಗಮನಿಸಬೇಕು. ಕೋವಿಡ್ ಕಾಲದಲ್ಲಿ, ವಿಶೇಷವಾಗಿ 2021ರಲ್ಲಿ, ಬ್ರಿಟನ್, ಜರ್ಮನಿ, ಕೆನಡಾ ಮುಂತಾದ ದೇಶಗಳ ವೈದ್ಯರ ಬಳಿಗೆ ಹಠಾತ್ತನೆ ಮೈ ಅದುರುವ, ತಡೆಯಲಾಗದೆ ಪದಗಳನ್ನು ಕೂಗುವ ಹದಿಹರೆಯದವರು, ಹೆಚ್ಚಾಗಿ ಹುಡುಗಿಯರು, ಬರತೊಡಗಿದರು. ಅವರಲ್ಲಿ ಅನೇಕರು ಟೂರೆಟ್ ಕಾಯಿಲೆಯುಳ್ಳವರ ವಿಡಿಯೊಗಳನ್ನು ನೋಡಿದ್ದರು. ತಮಗೂ ಅದೇ ಇದೆಯೆಂದು ನಂಬಿದ್ದರು. ಪರೀಕ್ಷಿಸಿದಾಗ ಅನೇಕರಲ್ಲಿದ್ದುದು ಟೂರೆಟ್ ಅಲ್ಲ, ಮನಸ್ಸಿನ ಒತ್ತಡ ದೇಹದ ಮೂಲಕ ಹೊರಬರುವ ಬೇರೊಂದು ಸ್ಥಿತಿಯೆಂದು ತಿಳಿಯಿತು. ವೈದ್ಯರು ಅವರನ್ನು ನಟಿಸುವವರೆಂದು ದೂಡಲಿಲ್ಲ, ಟೂರೆಟ್ ಎಂದು ಒಪ್ಪಿಕೊಳ್ಳಲೂ ಇಲ್ಲ. ಆತಂಕ, ಖಿನ್ನತೆಗಳಿದ್ದರೆ ಅವುಗಳಿಗೆ ಚಿಕಿತ್ಸೆ ನೀಡಿದರು, ಸ್ಥಿತಿಯನ್ನು ಸರಿಯಾಗಿ ವಿವರಿಸಿದರು, ಆ ವಿಡಿಯೊಗಳಿಂದ ದೂರವಿರಲು ಹೇಳಿದರು. ಈ ಮೂರನೆಯ ದಾರಿಯೇ ಮನೋಚಿಕಿತ್ಸೆಯ ದಾರಿ.

3. ಮನೋಚಿಕಿತ್ಸೆ ಮಾಡುವುದೇನು?

ಮನೋಚಿಕಿತ್ಸೆಯೆಂದರೆ ಬುದ್ಧಿವಾದವೆಂದು ಅನೇಕರು ತಿಳಿದಿದ್ದಾರೆ. ತರಬೇತಿ ಪಡೆದ ಚಿಕಿತ್ಸಕರು ಮಗುವಿನ ನಂಬಿಕೆಯನ್ನು ವಾದದಿಂದ ಮುರಿಯಲು ಹೋಗುವುದಿಲ್ಲ. "ಆ ವಿಡಿಯೊದಲ್ಲಿ ಯಾವ ಮಾತು ನಿನ್ನದೇ ಎನಿಸಿತು?" ಎಂದು ಕೇಳುತ್ತಾರೆ. ಈ ಒಂದು ಪ್ರಶ್ನೆಯಿಂದ ತಪ್ಪು ಮಾಹಿತಿಯೇ ನಿಜವಾದ ನೋವಿನ ಬಾಗಿಲಾಗುತ್ತದೆ. ನಮ್ಮ ಹುಡುಗಿಯನ್ನು ಹಾಗೆ ಕೇಳಿದ್ದರೆ "ರಾತ್ರಿ ನಿದ್ರೆ ಬರುವುದಿಲ್ಲ, ತಲೆ ನಿಲ್ಲುವುದಿಲ್ಲ ಎಂಬುದು" ಎಂದು ಹೇಳುತ್ತಿದ್ದಳು. ಏಕೆ ನಿಲ್ಲುವುದಿಲ್ಲವೆಂಬ ಮುಂದಿನ ಪ್ರಶ್ನೆಗೆ ಜಪಸರದ ಸಂಗತಿ ಹೊರಬರುತ್ತಿತ್ತು.

ಎರಡನೆಯದಾಗಿ, ಚಿಕಿತ್ಸಕರು ಹೆಸರಿಡಲು ಅವಸರಿಸುವುದಿಲ್ಲ. ಹಲವು ಭೇಟಿಗಳಲ್ಲಿ ಮಗುವಿನ, ಪೋಷಕರ, ಅಗತ್ಯವಿದ್ದರೆ ಶಿಕ್ಷಕರ ಮಾತು ಕೇಳುತ್ತಾರೆ. ಕಾಯಿಲೆಯಿದ್ದರೆ ಅದರ ಸ್ವರೂಪವನ್ನು ವಯಸ್ಸಿಗೆ ತಕ್ಕ ಮಾತಿನಲ್ಲಿ ವಿವರಿಸುತ್ತಾರೆ. ಇಲ್ಲದಿದ್ದರೆ ಪರೀಕ್ಷೆಯ ಭಯ, ಮನೆಯ ಜಗಳ, ಮುರಿದ ಗೆಳೆತನ ಇವುಗಳಿಂದ ಬರುವ ಸಂಕಟವನ್ನು ಸಂಕಟವೆಂದೇ ಒಪ್ಪಿಕೊಂಡು ಅದನ್ನು ದಾಟಲು ನೆರವಾಗುತ್ತಾರೆ. ರೋಗವಲ್ಲದ ಸಂಕಟಕ್ಕೂ ಜೊತೆ ಬೇಕು.

ಮೂರನೆಯದಾಗಿ, ಮಗು ತಾನೇ ಮಾಹಿತಿಯನ್ನು ತೂಗುವುದನ್ನು ಕಲಿಯುತ್ತದೆ. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಚಿಕಿತ್ಸಾ ಪದ್ಧತಿಯಲ್ಲಿ, ಮನಸ್ಸಿಗೆ ತಾನಾಗಿ ಬರುವ ಯೋಚನೆಯನ್ನು ಕಾಗದದ ಮೇಲೆ ಬರೆದು, ಅದಕ್ಕೆ ಪರವಾದ ಆಧಾರವೇನು, ವಿರುದ್ಧವಾದ ಆಧಾರವೇನು, ಬೇರೆ ವಿವರಣೆ ಸಾಧ್ಯವೇ ಎಂದು ಪರೀಕ್ಷಿಸುತ್ತಾರೆ. ಇದೇ ಅಭ್ಯಾಸವನ್ನು ವಿಡಿಯೊದ ಮಾತಿಗೂ ಅನ್ವಯಿಸಬಹುದು. ಹೇಳುತ್ತಿರುವವರು ಯಾರು? ಅವರ ತರಬೇತಿ ಏನು? ತಮ್ಮ ಅನುಭವ ಹೇಳುತ್ತಿದ್ದಾರೋ, ಎಲ್ಲರ ಬಗ್ಗೆ ತೀರ್ಪು ಕೊಡುತ್ತಿದ್ದಾರೋ? ಕೊನೆಯಲ್ಲಿ ಏನನ್ನಾದರೂ ಮಾರುತ್ತಿದ್ದಾರೆಯೇ? ಇದನ್ನು ನೋಡಿದ ಮೇಲೆ ನನ್ನ ಮನಸ್ಸು ಹಗುರವಾಯಿತೇ, ಮತ್ತೊಂದನ್ನು ಹುಡುಕುವ ತವಕ ಹೆಚ್ಚಾಯಿತೇ?

ಕೊನೆಯ ಪ್ರಶ್ನೆ ಗೀಳು ಕಾಯಿಲೆಯಲ್ಲಿ ಬಹಳ ಮುಖ್ಯ. ಭಯದ ಯೋಚನೆ ಬಂದಾಗ ರೋಗಿ ಯಾವುದೋ ಕ್ರಿಯೆಯಿಂದ ಕ್ಷಣಕಾಲ ಸಮಾಧಾನ ಪಡೆಯುತ್ತಾನೆ, ಆ ಸಮಾಧಾನವೇ ಮುಂದಿನ ಭಯವನ್ನು ಬಲಪಡಿಸುತ್ತದೆ. ಕೈ ತೊಳೆಯುವುದು, ಮೊದಲಿನಿಂದ ಪ್ರಾರ್ಥಿಸುವುದು, "ನನಗೇನೂ ಆಗಿಲ್ಲ ತಾನೇ?" ಎಂದು ಮತ್ತೆ ಮತ್ತೆ ಕೇಳುವುದು, ಲಕ್ಷಣಗಳನ್ನು ಜಾಲತಾಣದಲ್ಲಿ ಹುಡುಕುತ್ತಲೇ ಇರುವುದು, ಇವೆಲ್ಲ ಒಂದೇ ಸುಳಿಯ ತಿರುವುಗಳು. ಚಿಕಿತ್ಸೆಯಲ್ಲಿ ರೋಗಿ ಭಯವನ್ನು ಸ್ವಲ್ಪಸ್ವಲ್ಪವಾಗಿ ಎದುರಿಸುತ್ತಾ, ಸಮಾಧಾನದ ಆ ಕ್ರಿಯೆಯನ್ನು ಮಾಡದೆ ಇರುವುದನ್ನು ಕಲಿಯುತ್ತಾನೆ. ಅಂಥವರಿಗೆ ಸರಿಯಾದ ಮಾಹಿತಿಯನ್ನು ಹತ್ತು ಸಲ ಕೊಟ್ಟರೂ ಪ್ರಯೋಜನವಿಲ್ಲ. ಹನ್ನೊಂದನೆಯ ಸಲ ಮತ್ತೆ ಕೇಳುತ್ತಾರೆ. ತಪ್ಪು ಮಾಹಿತಿಗೆ ಸರಿಯಾದ ಮಾಹಿತಿಯೊಂದೇ ಮದ್ದಲ್ಲ ಎಂಬುದಕ್ಕೆ ಇದು ಸ್ಪಷ್ಟ ಉದಾಹರಣೆ.

4. ನಮ್ಮ ಪರಂಪರೆಯ ಸಾಕ್ಷ್ಯ

ಮನೋಚಿಕಿತ್ಸೆಗೆ ಮಕ್ಕಳನ್ನು ಕಳುಹಿಸುವುದು ವಿಶ್ವಾಸವನ್ನು ಲೋಕಕ್ಕೆ ಒಪ್ಪಿಸಿದಂತೆ ಎಂದು ಭಾವಿಸುವವರಿದ್ದಾರೆ. ಪರಂಪರೆ ಹಾಗೆ ಹೇಳುವುದಿಲ್ಲ. ಸಿರಾಖನ ಗ್ರಂಥದ 38ನೆಯ ಅಧ್ಯಾಯವು ರೋಗಿಗೆ ಪ್ರಾರ್ಥಿಸಲು ಹೇಳಿ, ಅದೇ ಉಸಿರಿನಲ್ಲಿ ವೈದ್ಯನಿಗೆ ಸ್ಥಳ ಕೊಡಲೂ ಹೇಳುತ್ತದೆ. ಸಾವನ್ನು ಬೇಡಿ ಮರದಡಿ ಮಲಗಿದ ಎಲೀಯನಿಗೆ ದೇವದೂತನು ಮೊದಲು ಕೊಟ್ಟದ್ದು ರೊಟ್ಟಿ ಮತ್ತು ನೀರು, ನಡುವೆ ನಿದ್ರೆ. ದೇವರ ಪ್ರಶ್ನೆ ಬಂದದ್ದು ಆ ನಂತರ. ಹುಟ್ಟುಕುರುಡನನ್ನು ಕಂಡು ಯಾರ ಪಾಪದ ಫಲವಿದೆಂದು ಶಿಷ್ಯರು ಕೇಳಿದಾಗ ಪ್ರಭು ಕ್ರಿಸ್ತರು ಆ ಪ್ರಶ್ನೆಯನ್ನೇ ನಿರಾಕರಿಸಿದರೆಂದು ಸಂತ ಯೊವಾನ್ನರ ಶುಭಸಂದೇಶದ 9ನೆಯ ಅಧ್ಯಾಯದಲ್ಲಿ ಓದುತ್ತೇವೆ.

ಸಂತ ತೋಮಸ್ ಅಕ್ವಿನಾಸರು ತಮ್ಮ ದೈವಶಾಸ್ತ್ರ ಮಹಾಗ್ರಂಥದ ಎರಡನೆಯ ಸಂಪುಟದ ಮೊದಲ ಭಾಗದಲ್ಲಿ, 38ನೆಯ ಪ್ರಶ್ನೆಯಡಿ, ದುಃಖಕ್ಕೆ ಪರಿಹಾರಗಳನ್ನು ಚರ್ಚಿಸುತ್ತಾರೆ: ಸಂತೋಷ ಕೊಡುವ ಸಂಗತಿಗಳು, ಕಣ್ಣೀರು, ಮಿತ್ರರ ಸಹಾನುಭೂತಿ, ಸತ್ಯದ ಧ್ಯಾನ, ಕೊನೆಗೆ ನಿದ್ರೆ ಮತ್ತು ಸ್ನಾನ. ದೇಹಕ್ಕೂ ಗೆಳೆತನಕ್ಕೂ ಸತ್ಯಕ್ಕೂ ಒಂದೇ ಪಟ್ಟಿಯಲ್ಲಿ ಸ್ಥಾನ ಕೊಟ್ಟ ಈ ವಿವೇಚನೆಯನ್ನು ನಾವು ತರಗತಿಯಲ್ಲಿ ಓದುತ್ತೇವೆ, ಪಾಲನಾ ಸೇವೆಯಲ್ಲಿ ಮರೆಯುತ್ತೇವೆ.

ಲೊಯೋಲಾದ ಸಂತ ಇಗ್ನೇಷಿಯಸರ ಅನುಭವ ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. 1522ರಲ್ಲಿ ಮನ್ರೇಸಾದಲ್ಲಿ ನೆಲೆಸಿದ ಅವರನ್ನು, ಹಿಂದಿನ ಪಾಪಗಳನ್ನು ಪೂರ್ತಿಯಾಗಿ ನಿವೇದಿಸಿಲ್ಲವೆಂಬ ಅತಿಶಂಕೆ ತಿಂಗಳುಗಟ್ಟಲೆ ಕಾಡಿತು. ಎಷ್ಟು ಸಲ ಪಾಪನಿವೇದನೆ ಮಾಡಿದರೂ ಶಾಂತಿ ದೊರೆಯಲಿಲ್ಲ. ಜೀವ ಕಳೆದುಕೊಳ್ಳುವ ಯೋಚನೆಯೂ ಬಂದಿತ್ತೆಂದು ಅವರ ಆತ್ಮಕಥನ ತಿಳಿಸುತ್ತದೆ. ಸ್ಪಷ್ಟವಾದುದನ್ನು ಮಾತ್ರ ನಿವೇದಿಸಬೇಕೆಂದು ಗುರುಗಳು ಹೇಳಿದಾಗಲೂ ಫಲವಾಗಲಿಲ್ಲ, ಏಕೆಂದರೆ ಅವರಿಗೆ ಎಲ್ಲವೂ ಸ್ಪಷ್ಟವೆನಿಸುತ್ತಿತ್ತು. ಹಳೆಯ ಪಾಪಗಳನ್ನು ಇನ್ನು ನಿವೇದಿಸುವುದಿಲ್ಲವೆಂದು ನಿಶ್ಚಯಿಸಿದಾಗಲೇ ಅವರು ಬಿಡುಗಡೆ ಕಂಡರು. ಇಗ್ನೇಷಿಯಸರಿಗೆ ಇಂದಿನ ರೋಗದ ಹೆಸರನ್ನು ಅಂಟಿಸಲು ನಾವು ಹೊರಟಿಲ್ಲ. ಹಾಗೆ ಮಾಡಿದರೆ ರೀಲ್ಸ್ ಮಾಡುವವರ ತಪ್ಪನ್ನೇ ನಾವೂ ಮಾಡಿದಂತಾಗುತ್ತದೆ. ಆದರೆ ಅತಿಶಂಕೆಯನ್ನು ಇನ್ನಷ್ಟು ಭಕ್ತಿಕ್ರಿಯೆಗಳಿಂದ ಗುಣಪಡಿಸಲಾಗದೆಂಬುದನ್ನು ಅವರು ನೋವುಂಡು ಕಲಿತರು.

ದ್ವಿತೀಯ ವ್ಯಾಟಿಕನ್ ಮಹಾಸಭೆಯು ಗೌದಿಯುಮ್ ಎತ್ ಸ್ಪೆಸ್ ಸಂವಿಧಾನದ 62ನೆಯ ಪರಿಚ್ಛೇದದಲ್ಲಿ, ಪಾಲನಾ ಸೇವೆಯಲ್ಲಿ ದೈವಶಾಸ್ತ್ರದ ತತ್ವಗಳ ಜೊತೆಗೆ ಮನೋವಿಜ್ಞಾನ, ಸಮಾಜವಿಜ್ಞಾನಗಳ ಫಲಿತಗಳನ್ನೂ ಬಳಸಬೇಕೆಂದು ಸ್ಪಷ್ಟವಾಗಿ ಕೇಳಿಕೊಂಡಿದೆ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು 1735ನೆಯ ಪರಿಚ್ಛೇದದಲ್ಲಿ, ಮಾನಸಿಕ ಕಾರಣಗಳಿಂದ ವ್ಯಕ್ತಿಯ ನೈತಿಕ ಹೊಣೆ ಕುಗ್ಗಬಹುದೆಂದು ಬೋಧಿಸುತ್ತದೆ. ಇವು ಮಹಾಸಭೆಯ ಮತ್ತು ಧರ್ಮಸಭೆಯ ಅಧಿಕೃತ ಮಾತುಗಳು. ನಮ್ಮ ಧರ್ಮಕೇಂದ್ರದ ಹುಡುಗರಿಗೆ ಇವು ತಿಳಿದಿರಬೇಕು.

5. ಗುರುಗಳು ಮಾಡಬೇಕಾದುದು

ಮೊದಲ ಮಾತುಕತೆಯಲ್ಲಿ ನಗಬಾರದು, ತೀರ್ಪು ಕೊಡಬಾರದು. "ಆ ಕಾಯಿಲೆ ನಿನಗಿದೆಯೋ ಇಲ್ಲವೋ ನಮಗೆ ತಿಳಿಯದು, ನೀನು ಕಷ್ಟದಲ್ಲಿರುವುದು ಕಾಣುತ್ತಿದೆ. ಯಾವಾಗಿನಿಂದ ಹೀಗಾಗುತ್ತಿದೆ?" ಎಂದು ಕೇಳುವುದು ಸಾಕು. ನಿದ್ರೆ, ಊಟ, ಓದು, ಗೆಳೆಯರು, ಈ ನಾಲ್ಕರ ಬಗ್ಗೆ ವಿಚಾರಿಸಿದರೆ ಎಷ್ಟು ತೊಡಕಾಗಿದೆಯೆಂದು ಅಂದಾಜು ಸಿಗುತ್ತದೆ. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಲು ಅಂಜಬೇಕಿಲ್ಲ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಳಗೆ ಹೊತ್ತಿದ್ದವರಿಗೆ ಹೇಳಲು ದಾರಿಯಾಗುತ್ತದೆ. ಬರುತ್ತದೆಯೆಂದರೆ ಆ ಮಗುವನ್ನು ಒಂಟಿಯಾಗಿ ಬಿಡಬಾರದು, ಅದೇ ದಿನ ಪೋಷಕರಿಗೂ ವೈದ್ಯರಿಗೂ ತಲುಪಿಸಬೇಕು. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಪರಿಗಣಿಸಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 115ನೆಯ ಸೆಕ್ಷನ್ ಹೇಳುತ್ತದೆ. ಪೊಲೀಸರಿಗೆ ಹೆದರಿ ಮುಚ್ಚಿಡುವ ಕುಟುಂಬಗಳಿಗೆ ಇದನ್ನು ತಿಳಿಸಬೇಕು.

ಎಲ್ಲಿಗೆ ಕಳುಹಿಸುವುದೆಂಬುದು ಹಳ್ಳಿಯ ಧರ್ಮಕೇಂದ್ರಗಳಲ್ಲಿ ದೊಡ್ಡ ಪ್ರಶ್ನೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ. ಖಾಸಗಿ ಚಿಕಿತ್ಸಕರ ಬಳಿ ಕಳುಹಿಸುವುದಾದರೆ ಅವರ ಓದು, ನೋಂದಣಿಗಳನ್ನು ವಿಚಾರಿಸಬೇಕು. ಆಪ್ತಸಮಾಲೋಚಕರೆಂಬ ಫಲಕ ಹಾಕಿಕೊಂಡವರೆಲ್ಲರೂ ತರಬೇತಿ ಪಡೆದವರಲ್ಲ. ಹತ್ತಿರದ ಇಬ್ಬರು ಮೂವರು ವೈದ್ಯರ, ಚಿಕಿತ್ಸಕರ ಹೆಸರನ್ನು ಗುರುನಿವಾಸದ ಮೇಜಿನಲ್ಲಿ ಮೊದಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಪಾಪನಿವೇದನೆಯಲ್ಲಿ ಇಂಥ ವಿಷಯ ಬಂದರೆ ಕ್ಯಾನನ್ 983ರ ಗೋಪ್ಯತೆ ಸಂಪೂರ್ಣವಾದುದು. ಅಲ್ಲಿ ಕೇಳಿದ್ದನ್ನು ಪೋಷಕರಿಗೂ ವೈದ್ಯರಿಗೂ ಹೇಳುವಂತಿಲ್ಲ. ಆದರೆ "ಇದನ್ನು ಸಂಸ್ಕಾರದ ಹೊರಗೆ ನಮಗೋ ನೀನು ನಂಬುವ ಇನ್ನೊಬ್ಬ ಹಿರಿಯರಿಗೋ ಹೇಳುವೆಯಾ?" ಎಂದು ಅಲ್ಲಿಯೇ ಕೇಳಿಕೊಳ್ಳಬಹುದು, ವೈದ್ಯರನ್ನು ಕಾಣಲು ಪ್ರೋತ್ಸಾಹಿಸಬಹುದು. ಒಂದೇ ಪಾಪವನ್ನು ಮತ್ತೆ ಮತ್ತೆ ನಿವೇದಿಸುವ ಹದಿಹರೆಯದವರಿಗೆ ಮತ್ತಷ್ಟು ಪ್ರಾಯಶ್ಚಿತ್ತ ವಿಧಿಸುವ ಮುನ್ನ ಎರಡು ಸಲ ಯೋಚಿಸಬೇಕು. ವೈದ್ಯರು ಕೊಟ್ಟ ಮಾತ್ರೆಯನ್ನು ನಿಲ್ಲಿಸಲು ಯಾವ ಗುರುವೂ ಯಾವ ಪ್ರಾರ್ಥನಾಕೂಟದ ಮುಖಂಡನೂ ಹೇಳಕೂಡದು. ಇದರಲ್ಲಿ ವಿನಾಯಿತಿ ಇಲ್ಲ.

ಪ್ರಬೋಧನೆಯೂ ಚಿಕಿತ್ಸೆಗೆ ದಾರಿ ಮಾಡಿಕೊಡಬಲ್ಲದು. ವರ್ಷಕ್ಕೊಮ್ಮೆಯಾದರೂ ಬಲಿಪೂಜೆಯಲ್ಲಿ, ಮಾನಸಿಕ ಕಾಯಿಲೆ ಪಾಪದ ಗುರುತಲ್ಲ, ಚಿಕಿತ್ಸೆ ಪಡೆಯುವುದು ಅವಿಶ್ವಾಸವಲ್ಲ ಎಂದು ಸ್ಪಷ್ಟವಾಗಿ ಹೇಳೋಣ. ದೃಢೀಕರಣ ಸಂಸ್ಕಾರದ ಸಿದ್ಧತೆಯ ತರಗತಿಯಲ್ಲಿ ಒಂದು ವಿಡಿಯೊವನ್ನು ಎಲ್ಲರೂ ಕೂಡಿ ನೋಡಿ, ಮೇಲೆ ಹೇಳಿದ ಪ್ರಶ್ನೆಗಳನ್ನು ಕೇಳಿಕೊಳ್ಳುವ ಅಭ್ಯಾಸ ಮಾಡಿಸೋಣ. ಗುರುವಿದ್ಯಾರ್ಥಿಗಳೂ ಇದೇ ಜಾಲತಾಣಗಳಲ್ಲಿ ಬೆಳೆದವರು. ತಮ್ಮ ಸಂಕಟವನ್ನು ರೆಕ್ಟರರಿಗೆ ಹೇಳುವ ಮೊದಲು ಮೊಬೈಲಿಗೆ ಹೇಳಿಕೊಂಡವರು ನಮ್ಮ ಗುರುಮಠಗಳಲ್ಲಿಯೂ ಇರಬಹುದು. ಅವರು ಸಹಾಯ ಕೇಳಿದರೆ ದೈವಕರೆಗೆ ಅನರ್ಹರೆಂದು ಬಗೆಯಬಾರದು.

ಆ ಹುಡುಗಿ ಚಿಕಿತ್ಸೆ ಪಡೆದಳು. ಆರಂಭದಲ್ಲಿ ಮಾತ್ರೆಯನ್ನು ನಿರಾಕರಿಸಿದ್ದಳು. ಅದಕ್ಕೂ ಒಂದು ವಿಡಿಯೊವೇ ಕಾರಣವಾಗಿತ್ತು. ಕೆಲವು ತಿಂಗಳ ಮೇಲೆ, ಆಕೆಯ ಮತ್ತು ಪೋಷಕರ ಒಪ್ಪಿಗೆ ಪಡೆದು ಚಿಕಿತ್ಸಕರು ನಮ್ಮನ್ನು ಭೇಟಿಯಾಗಿ ಒಂದೇ ಸಹಾಯ ಕೇಳಿದರು: "ನನ್ನ ಪ್ರಾರ್ಥನೆ ಸರಿಯಾಯಿತೇ?" ಎಂದು ಆಕೆ ಕೇಳಿದರೆ ಒಮ್ಮೆ ಮಾತ್ರ ಉತ್ತರಿಸಬೇಕು, ಮತ್ತೆ ಕೇಳಿದರೆ ಉತ್ತರಿಸಬಾರದು. ಸುಲಭವೆಂದುಕೊಂಡಿದ್ದೆವು. ಸುಲಭವಾಗಿರಲಿಲ್ಲ. ಸಮಾಧಾನ ಹೇಳುವುದೇ ಸೇವೆಯೆಂದು ಇಪ್ಪತ್ತು ವರ್ಷ ನಂಬಿದವರಿಗೆ, ದೇವರ ಕೃಪೆ ಮಣಿಗಳ ಎಣಿಕೆಯನ್ನು ಅವಲಂಬಿಸಿಲ್ಲವೆಂಬ ಒಂದೇ ಮಾತನ್ನು ಒಮ್ಮೆ ಹೇಳಿ ಸುಮ್ಮನೆ ಪಕ್ಕದಲ್ಲಿ ಕುಳಿತಿರುವುದನ್ನು ಕಲಿಯಲು ಬಹಳ ದಿನ ಬೇಕಾಯಿತು. ಈಗ ಆಕೆ ಪದವಿ ಓದುತ್ತಿದ್ದಾಳೆ. ಚಿಕಿತ್ಸೆ ಇನ್ನೂ ಪೂರ್ತಿ ಮುಗಿದಿಲ್ಲ, ಕೆಲವು ವಾರಗಳು ಕಷ್ಟವಾಗಿರುತ್ತವೆ. ಜಪಸರವನ್ನು ಅರ್ಧಕ್ಕೇ ಬಿಟ್ಟು ನಿದ್ರೆಹೋದ ರಾತ್ರಿಯ ಸಂಗತಿಯನ್ನು ಆಕೆ ಒಮ್ಮೆ ನಗುತ್ತಾ ನಮಗೆ ಹೇಳಿದಳು. ಈ ಸಲ ನಾವೂ ಆಕೆಯೊಡನೆ ನಕ್ಕೆವು.